ಬೆರಳಿಗೆ ಹತ್ತಿದ ಧೂಳು

ಎಂಜಿನ್ನಿನ ಪಕ್ಕೆಯಿಂದ ನೆಲದ ಕಡೆಗೆ ಒಂದು ಕೊಳವೆ ಇಳಿಬಿದ್ದಿರುತ್ತದೆ. ಅದಕ್ಕೆ ಬ್ರೀದರ್ ಅನ್ನುತ್ತಾರೆ. ಗಟ್ಟಿಮುಟ್ಟಾದ ಎಂಜಿನ್ ಓಡುತ್ತಿರುವಾಗ ಅದರ ಬಾಯಿಗೆ ಅಂಗೈ ಒಡ್ಡಿದರೆ ಮಲಗಿದ ಮಗುವಿನ ಉಸಿರಿನಷ್ಟು ಬೆಚ್ಚನೆ ಗಾಳಿ ತಾಕುತ್ತದೆ. ಆ ಏಪ್ರಿಲ್ ತಿಂಗಳಲ್ಲಿ ನಮ್ಮಣ್ಣನ ಹಿಟಾಚಿಯ ಬ್ರೀದರಿಗೆ ಕೈ ಒಡ್ಡಿದೆ. ಬುಸುಬುಸು ಎಂದು ನೀಲಿ ಹೊಗೆ ಬಂತು, ಅಂಗೈ ತುಂಬ ಎಣ್ಣೆಯ ಹನಿ. ಆಪರೇಟರ್ ಹುಡುಗ ಮುಖ ತಗ್ಗಿಸಿ ನಿಂತಿದ್ದ. ಹದಿನೈದು ದಿನದಿಂದ ದಿನಕ್ಕೆ ಎರಡೆರಡು ಲೀಟರ್ ಆಯಿಲ್ ಸುರಿಯುತ್ತಿದ್ದೇನೆ, ಎಲ್ಲೂ ಸೋರುತ್ತಿಲ್ಲ, ಆದರೂ ಸಾಯಂಕಾಲಕ್ಕೆ ಕಡ್ಡಿ ಒಣಗಿರುತ್ತದೆ ಅಂದ. ಸೋರದೆ ಕಡಿಮೆಯಾಗುವ ಎಣ್ಣೆಗೆ ಹೋಗಲು ಇರುವುದು ಒಂದೇ ದಾರಿ. ಎಂಜಿನ್ನೇ ಅದನ್ನು ಸುಡುತ್ತಿತ್ತು.

ಕೆಲಸ ನಡೆಯುತ್ತಿದ್ದದ್ದು ಹಿರಿಯೂರು ಸೀಮೆಯ ಒಂದು ಕೆರೆಯಲ್ಲಿ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಗೋಡು ತೆಗೆದು ಟ್ರ್ಯಾಕ್ಟರಿಗೆ ತುಂಬುವುದು, ರೈತರು ಅದನ್ನು ಹೊಲಕ್ಕೆ ಹೊಡೆದುಕೊಳ್ಳುವುದು. ಬೆಳಿಗ್ಗೆ ಆರಕ್ಕೆ ಏರಿಯ ಮೇಲೆ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತಿತ್ತು. ಮಳೆ ಬೀಳುವಷ್ಟರಲ್ಲಿ ಮುಗಿಯಬೇಕು. ಒಣಗಿದ ಗೋಡು ನೋಡಲು ಮೆತ್ತಗೆ, ಮುಟ್ಟಿದರೆ ರಾಗಿ ಹಿಟ್ಟಿನಷ್ಟು ನುಣುಪು. ಚೈನ್ ಹರಿದಾಡಿದಂತೆಲ್ಲ ಅದು ಎದ್ದು ಆಳೆತ್ತರಕ್ಕೆ ನಿಂತುಬಿಡುತ್ತದೆ. ಆ ಧೂಳಿನೊಳಗೆ ದಿನಕ್ಕೆ ಹತ್ತು ಗಂಟೆ ಯಂತ್ರ ಉಸಿರಾಡಬೇಕು.

ನಮ್ಮ ಕಡೆ ಟೈರಿನ ಮೇಲೆ ಓಡುವುದು, ಹಿಂದೆ ಒಂದು ಬಕೆಟ್ ಮುಂದೆ ಒಂದು ಬಕೆಟ್ ಇರುವುದು ಜೆಸಿಬಿ. ಚೈನ್ ಮೇಲೆ ಕೂತು ಸುತ್ತಲೂ ತಿರುಗುವುದು ಹಿಟಾಚಿ. ಯಾರೇ ತಯಾರಿಸಿರಲಿ, ಹೆಸರು ಇಷ್ಟೇ. ಜಪಾನಿನ ಹಿಟಾಚಿ ತನ್ನ ಮೊದಲ ಹೈಡ್ರಾಲಿಕ್ ಎಕ್ಸ್‌ಕವೇಟರನ್ನು ಹೊರತಂದದ್ದು 1965ರಲ್ಲಿ. ಟಾಟಾದ ಜೊತೆಗೂಡಿ ಈಗ ನಮ್ಮ ಧಾರವಾಡದಲ್ಲೇ ಅದರ ಕಾರ್ಖಾನೆ ಇದೆ. ಅಣ್ಣನದು 20 ಟನ್ನಿನ ಯಂತ್ರ, ಎರಡನೇ ಕೈಯಿಂದ ಕೊಂಡದ್ದು, ಮೀಟರಿನಲ್ಲಿ 11,000 ಗಂಟೆ ದಾಟಿತ್ತು. ಇದರ ಎಂಜಿನ್ ಕಮಿನ್ಸ್ ಬಿ ಸರಣಿಯ ಆರು ಸಿಲಿಂಡರಿನದು. ಒಂದೊಂದು ಸಿಲಿಂಡರಿನ ಅಗಲ 102 ಮಿಲಿಮೀಟರ್, ಪಿಸ್ಟನ್ ಏರಿಳಿಯುವ ದೂರ 120 ಮಿಲಿಮೀಟರ್, ಆರೂ ಸೇರಿ 5.9 ಲೀಟರ್. ಈ ವಂಶದ ಎಂಜಿನ್ ಬಂದದ್ದು 1984ರಲ್ಲಿ. 1993ರಲ್ಲಿ ಟಾಟಾ ಮತ್ತು ಕಮಿನ್ಸ್ ಒಟ್ಟು ಸೇರಿದ ಮೇಲೆ ಜಮ್‌ಶೆಡ್‌ಪುರದಲ್ಲೇ ತಯಾರಾಗಿ ನಮ್ಮ ರಸ್ತೆಯ ಲಾರಿಗಳಿಗೂ ಬಂತು. ಹಾಗಾಗಿ ಲಾರಿ ಮೇಸ್ತ್ರಿಗಳಿಗೆ ಇದರ ಮೈಯ ಒಂದೊಂದು ಬೋಲ್ಟೂ ಗೊತ್ತು. ನಮಗೆ ಸಿಕ್ಕ ಪುಣ್ಯ ಅದು.

ದಾವಣಗೆರೆಯಿಂದ ಮೇಸ್ತ್ರಿ ಬಂದರು. ಅರವತ್ತು ದಾಟಿದವರು. ಹದಿನಾಲ್ಕನೇ ವಯಸ್ಸಿಗೆ ಲಾರಿ ಶೆಡ್ಡಿನಲ್ಲಿ ಪಾನಾ ತೊಳೆಯಲು ಸೇರಿದವರು. ಯಂತ್ರದ ಮೇಲೆ ಹತ್ತಿ ಎಂಜಿನ್ ಚಾಲೂ ಮಾಡಿಸಿದರು. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಹಾಗೇ ಅದರ ಮೇಲಿಟ್ಟರು. ಮುಚ್ಚಳ ಕುದಿಯುವ ಅನ್ನದ ತಟ್ಟೆಯ ಹಾಗೆ ಕುಣಿಯಿತು. ಪಿಸ್ಟನ್ನಿನ ಮೇಲೆ ಸಿಡಿಯುವ ಬೆಂಕಿಯ ಒತ್ತಡ ರಿಂಗುಗಳ ಸಂದಿಯಲ್ಲಿ ನುಗ್ಗಿ ಕೆಳಗಿನ ಎಣ್ಣೆತೊಟ್ಟಿಗೆ ಇಳಿಯುತ್ತಿದೆ, ಅಲ್ಲಿಂದ ಬ್ರೀದರಿನಲ್ಲಿ ಹೊರಬೀಳುತ್ತಿದೆ. ಅದೇ ಸಂದಿಯಲ್ಲಿ ಎಣ್ಣೆ ಮೇಲೇರಿ ಉರಿಯುತ್ತಿದೆ. ಎಂಜಿನ್ ಇಳಿಸಲೇಬೇಕು. ಅಣ್ಣ ಅದಾಗಲೇ ಫೋನ್ ತೆಗೆದು ಹೈಡ್ರಾ ಕ್ರೇನಿನವನಿಗೆ ಹೇಳಲು ಹೊರಟಿದ್ದ. ಮೇಸ್ತ್ರಿ ಕೈ ಅಡ್ಡ ಹಿಡಿದರು.

“ಇಳಿಸಾದು ಅರ್ಧ ದಿನದ ಕೆಲಸ. ಯಾಕೆ ಇಳಿಸ್ತಾ ಇದೀವಿ ಅಂತ ಗೊತ್ತಾಗದೆ ನಾನು ಪಾನಾ ಮುಟ್ಟಲ್ಲ.”

ಆ ಮಧ್ಯಾಹ್ನವೆಲ್ಲ ಅವರು ಒಂದೂ ಬೋಲ್ಟ್ ಬಿಚ್ಚಲಿಲ್ಲ. ಗಾಳಿ ಒಳಗೆ ಬರುವ ದಾರಿಯನ್ನು ಕೈಯಲ್ಲಿ ಸವರುತ್ತ ಹೋದರು. ಮೊದಲು ಏರ್ ಕ್ಲೀನರಿನ ಡಬ್ಬಿ. ಅದರೊಳಗೆ ಎರಡು ಫಿಲ್ಟರು, ಹೊರಗೊಂದು ದಪ್ಪ, ಒಳಗೊಂದು ಸಣ್ಣದು. ಹೊರಗಿನದನ್ನು ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಬೀಸಿಬೀಸಿ ಕಾಗದ ತೆಳ್ಳಗಾಗಿತ್ತು. ಒಳಗಿನದನ್ನೂ ಹಾಗೇ ಬೀಸಿದ್ದರು. ಅದನ್ನು ಬೀಸಲೇಬಾರದು. ಅದು ಹೊರಗಿನದು ಕೈಕೊಟ್ಟಾಗ ಕಾಯಲೆಂದು ಇರುವುದು, ಕೊಳೆಯಾದರೆ ಹೊಸದನ್ನೇ ಹಾಕಬೇಕು. ಆಮೇಲೆ ಡಬ್ಬಿಯಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್. ಮೇಲಿನಿಂದ ನೋಡಿದರೆ ಏನೂ ಇಲ್ಲ. ಕ್ಲಿಪ್ ಸಡಿಲಿಸಿ ಹೋಸ್ ಎಳೆದು ಒಳಗೆ ಬೆರಳು ಹಾಕಿ ಸವರಿದರು. ಬೆರಳ ತುದಿಗೆ ಬೂದುಬಣ್ಣದ ನುಣ್ಣನೆ ಪುಡಿ ಹತ್ತಿತು. ಫಿಲ್ಟರ್ ದಾಟಿದ ಮೇಲೆ ಅಲ್ಲಿ ಧೂಳು ಇರಲೇಕೂಡದು. ಹೋಸನ್ನು ಬಾಗಿಸಿ ಕೆಳಮುಖ ಮಾಡಿದಾಗ, ಕ್ಲಿಪ್ಪಿನ ಅಂಚಿಗೆ ಸರಿಯಾಗಿ, ಒಂದು ಅಂಗುಲದ ಸೀಳು ಬಾಯಿ ತೆರೆಯಿತು. ಕಣ್ಣಿಗೆ ಬೀಳದ ಕಡೆಯಿಂದ ಅದು ಎಷ್ಟು ತಿಂಗಳಿಂದ ಗೋಡಿನ ಧೂಳು ಕುಡಿಯುತ್ತಿತ್ತೋ.

ಆ ರಾತ್ರಿ ನಾನು ಲೆಕ್ಕ ಹಾಕಿ ನೋಡಿದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ 5.9 ಲೀಟರಿನ ಎಂಜಿನ್ ನಿಮಿಷಕ್ಕೆ 5900 ಲೀಟರ್, ಹತ್ತು ಗಂಟೆಗೆ 35 ಲಕ್ಷ ಲೀಟರ್ ಗಾಳಿ. ಟರ್ಬೊ ಒತ್ತಿ ತುಂಬುವುದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ನಾವು ಗಂಟೆಗೆ ಎಷ್ಟು ಲೀಟರ್ ಡೀಸೆಲ್ ಕುಡಿಯಿತು ಎಂದು ಪುಸ್ತಕದಲ್ಲಿ ಬರೆದಿಡುತ್ತೇವೆ. ಗಾಳಿಗೆ ಬಿಲ್ಲಿಲ್ಲ, ಅದಕ್ಕೇ ಅದರ ಲೆಕ್ಕ ಯಾರೂ ಇಡುವುದಿಲ್ಲ. ಆ ಗಾಳಿಯೊಂದಿಗೆ ಬರುವ ಮಣ್ಣಿನಲ್ಲಿ ಬೆಣಚಿನ ಪುಡಿ ಇರುತ್ತದೆ. ಬೆಣಚು ಎರಕದ ಕಬ್ಬಿಣಕ್ಕಿಂತ ಗಡುಸು. ಎಣ್ಣೆಯಲ್ಲಿ ಕಲಸಿಕೊಂಡರೆ ಸಾಣೆ ಹಿಡಿಯುವ ಪೇಸ್ಟೇ ಆಯಿತು. ಪಿಸ್ಟನ್ ಒಂದೊಂದೂ ಸೆಕೆಂಡಿಗೆ ಸರಾಸರಿ ಎಂಟು ಮೀಟರ್ ವೇಗದಲ್ಲಿ ಆ ಪೇಸ್ಟಿನ ಮೇಲೆ ಉಜ್ಜಿಕೊಂಡು ಓಡಾಡುತ್ತಿರುತ್ತದೆ.

ಮಾರನೇ ದಿನ ಇಳಿಸುವ ಕೆಲಸ. ಕೆರೆ ಏರಿಯ ಬದಿಯ ಬೇವಿನಮರದ ಪಕ್ಕದ ಗಟ್ಟಿ ನೆಲಕ್ಕೆ ಯಂತ್ರವನ್ನು ತಂದು ನಿಲ್ಲಿಸಿ, ಬೂಮ್ ತಗ್ಗಿಸಿ ಬಕೆಟ್ಟನ್ನು ನೆಲಕ್ಕೆ ಊರಿದರು. ಎಂಜಿನ್ ಆರಿಸಿದ ಮೇಲೂ ಎರಡೂ ಲೀವರುಗಳನ್ನು ನಾಲ್ಕು ದಿಕ್ಕಿಗೂ ಹತ್ತಾರು ಸಲ ಆಡಿಸಬೇಕು, ಹೈಡ್ರಾಲಿಕ್ ಟ್ಯಾಂಕಿನ ಮೇಲಿನ ಗುಂಡಿ ಒತ್ತಿ ಒಳಗಿನ ಗಾಳಿ ಬಿಡಬೇಕು. ಕೆಲಸ ಮಾಡುವಾಗ ಆ ಕೊಳವೆಗಳಲ್ಲಿ 300 ಬಾರ್ ಮೀರಿದ ಒತ್ತಡ ಇರುತ್ತದೆ. ಲಾರಿ ಟೈರಿನಲ್ಲಿ ಇರುವುದು ಎಂಟೋ ಒಂಬತ್ತೋ. ಒತ್ತಡ ಉಳಿದಿರುವ ಕೊಳವೆಯ ಸಣ್ಣ ತೂತಿನಿಂದ ಚಿಮ್ಮಿದ ಎಣ್ಣೆ ಸೂಜಿಯ ಹಾಗೆ ಚರ್ಮದೊಳಗೆ ಇಳಿಯುತ್ತದೆ. ಹೊರಗೆ ಇರುವೆ ಕಚ್ಚಿದಷ್ಟೇ ಗುರುತು, ಒಳಗೆ ಮಾಂಸ ಕೊಳೆಯುತ್ತ ಹೋಗುತ್ತದೆ. ಸೋರುವ ಜಾಗ ಹುಡುಕಲು ಬರಿಗೈ ಸವರುವ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ತಡವಾಗಿ ಆಸ್ಪತ್ರೆಗೆ ಹೋದವರು ಬೆರಳು, ಕೈ ಕಳೆದುಕೊಳ್ಳುತ್ತಾರೆ.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದರು. ಆಮೇಲೆ ಮೇಸ್ತ್ರಿ ಮಾಡಿಸಿದ ಮೊದಲ ಕೆಲಸ ತೊಳೆಯುವುದು. ಟ್ಯಾಂಕರ್ ನೀರು ತರಿಸಿ, ತಂತಿಯ ಕನೆಕ್ಟರುಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿ, ಎಂಜಿನ್ನಿನ ಕೋಣೆಯನ್ನು ಪ್ರೆಶರ್ ನೀರಿನಲ್ಲಿ ತೊಳೆಸಿದರು. ಬಿಚ್ಚುವುದಕ್ಕೆ ತೊಳೆಯುವುದು ಯಾಕೆ ಎಂದು ಅಣ್ಣ ಗೊಣಗಿದ. ಒಂದು ಪೈಪು ಕಳಚಿದ ಕೂಡಲೇ ಸುತ್ತ ಅಂಟಿದ ಕೊಳೆ ಅದರ ಬಾಯಿಗೆ ಬೀಳುತ್ತದೆ. ಎಂಜಿನ್ನಿಗೆ ಬಿದ್ದರೆ ತೊಳೆಯಬಹುದು, ಹೈಡ್ರಾಲಿಕ್ ಪಂಪಿಗೆ ಬಿದ್ದರೆ ಎಂಜಿನ್ನಿಗಿಂತ ದೊಡ್ಡ ಖರ್ಚು ಎದುರಿಗೆ ನಿಲ್ಲುತ್ತದೆ.

ಹಿಟಾಚಿಯಲ್ಲಿ ಎಂಜಿನ್ ಇರುವುದು ಬೆನ್ನ ಕಡೆ, ಅಡ್ಡಲಾಗಿ. ಅದರ ಹಿಂದೆ ಟನ್ನುಗಟ್ಟಲೆ ತೂಕದ ಕೌಂಟರ್‌ವೇಟ್. ಒಂದು ತುದಿಗೆ ರೇಡಿಯೇಟರ್, ಇನ್ನೊಂದು ತುದಿಗೆ ಹೈಡ್ರಾಲಿಕ್ ಪಂಪು. ಲಾರಿಯಲ್ಲಿ ಗೇರ್‌ಬಾಕ್ಸ್ ಇರುವ ಜಾಗದಲ್ಲಿ ಇಲ್ಲಿ ಪಂಪು ಕೂತಿರುತ್ತದೆ, ಎಂಜಿನ್ ದುಡಿಯುವುದೆಲ್ಲ ಆ ಪಂಪನ್ನು ತಿರುಗಿಸಲಿಕ್ಕೆ. ಚೈನಿನ ನಡಿಗೆ, ಕ್ಯಾಬಿನ್ನಿನ ತಿರುಗಾಟ, ಬಕೆಟ್ಟಿನ ಬಾಗು, ಎಲ್ಲವೂ ಅಲ್ಲಿಂದ ಎಣ್ಣೆಯಾಗಿ ಹರಿದು ಹೋಗುವ ಬಲ. ಬಾನೆಟ್, ಸೈಲೆನ್ಸರ್, ಗಾಳಿಯ ಕೊಳವೆಗಳು ಒಂದೊಂದಾಗಿ ಕಳಚಿದವು. ಕೂಲೆಂಟನ್ನು ಕ್ಯಾನಿಗೆ ಇಳಿಸಿದರು. ಎಂಜಿನ್ ಆಯಿಲನ್ನು ಬೋಗುಣಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿದರು. ಕಡು ಕಪ್ಪಿನಲ್ಲಿ ಬೆಳ್ಳಿಯಂಥ ಮಿನುಗು ಅಲ್ಲಲ್ಲಿ ಇತ್ತು. ಮೇಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಸುಮ್ಮನಾದರು.

ಇಳಿಸುವುದರಲ್ಲಿ ಕಷ್ಟದ ಭಾಗ ಪಂಪಿನದು. ಅದರ ದಪ್ಪ ಹೋಸುಗಳನ್ನು ಬಿಚ್ಚಿದರೆ ನೂರಾರು ಲೀಟರ್ ಎಣ್ಣೆಯ ರಗಳೆ, ಧೂಳು ಹೋಗುವ ಭಯ. ಹಾಗಾಗಿ ಹೋಸ್ ಇದ್ದಂತೆಯೇ ಪಂಪನ್ನು ಫ್ಲೈವೀಲಿನ ಕವಚದಿಂದ ಮಾತ್ರ ಬಿಡಿಸಿ, ಚೈನ್ ಪುಲ್ಲಿಯಲ್ಲಿ ತೂಗಿ ಹಿಡಿದು, ಇಷ್ಟಿಷ್ಟೇ ಹಿಂದಕ್ಕೆ ಎಳೆಯಬೇಕು. ನಡುವೆ ಕಪ್ಲಿಂಗಿನ ಹಲ್ಲುಗಳಿವೆ. ಸೊಟ್ಟ ಎಳೆದರೆ ಕಚ್ಚಿಕೊಳ್ಳುತ್ತವೆ, ಆಗ ಸಿಟ್ಟಿನಲ್ಲಿ ರಾಡು ಹಾಕಿ ಮೀಟುವವರೇ ಹೆಚ್ಚು. ಮೇಸ್ತ್ರಿ ಒಂದು ಕೈಯನ್ನು ಪಂಪಿನ ಮೈಮೇಲಿಟ್ಟುಕೊಂಡು ಹೆಲ್ಪರಿಗೆ “ಒಂದು ಕೊಂಡಿ, ಇನ್ನೊಂದು ಕೊಂಡಿ, ನಿಲ್ಲು” ಎಂದು ಹೇಳುತ್ತಲೇ ಇದ್ದರು. ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಪಂಪು ತನ್ನಷ್ಟಕ್ಕೆ ಜಾರಿ ಬಂತು. ಅದರ ಬಾಯಿಗೆ ತಕ್ಷಣ ಪ್ಲಾಸ್ಟಿಕ್ ಕಟ್ಟಿದರು.

ಎತ್ತುವುದಕ್ಕೆ ಪಕ್ಕದಲ್ಲಿ ಇನ್ನೊಂದು ಹಿಟಾಚಿ ಇತ್ತು. ಅದರ ಬಕೆಟ್ಟಿಗೆ ಸರಪಳಿ ಹಾಕಿ ಎತ್ತುವುದು ಎಲ್ಲ ಸೈಟಿನಲ್ಲೂ ನಡೆಯುವ ಪದ್ಧತಿ. ಮೇಸ್ತ್ರಿ ಒಪ್ಪಲಿಲ್ಲ. ಲೀವರ್ ಒಂದು ಎಳೆ ಹೆಚ್ಚು ಸರಿದರೆ ಬಕೆಟ್ ಅರ್ಧ ಅಡಿ ಜಿಗಿಯುತ್ತದೆ, ಎಂಜಿನ್ನಿನ ಪಕ್ಕ ನಿಂತವನ ಬೆರಳು ಉಳಿಯುವುದಿಲ್ಲ. ಹಿರಿಯೂರಿನಿಂದ ಹೈಡ್ರಾ ಬರುವ ತನಕ ಕಾದೆವು. ನಾಲ್ಕು ಕಾಲಿನ ರಬ್ಬರ್ ಮೌಂಟುಗಳ ಬೋಲ್ಟ್ ಕಳಚಿ, ಎಂಜಿನ್ನಿನ ಎರಡು ಎತ್ತುಗಣ್ಣಿಗೆ ಸರಪಳಿ ಸಿಕ್ಕಿಸಿ, ನಾಲ್ಕು ಕ್ವಿಂಟಲ್ ಮೀರಿದ ಆ ಕಬ್ಬಿಣ ಮೊದಲ ನಾಲ್ಕು ಅಂಗುಲ ಮೇಲೆದ್ದಾಗ ಎಲ್ಲರೂ ನಿಲ್ಲಿಸಿ ಸುತ್ತ ನೋಡಿದೆವು. ಮರೆತ ತಂತಿ ಒಂದು ಇದ್ದೇ ಇರುತ್ತದೆ. ಇತ್ತು, ಆಯಿಲ್ ಪ್ರೆಶರ್ ಸ್ವಿಚ್ಚಿನದು. ಬಿಡಿಸಿದರು. ಎಂಜಿನ್ ಬೇವಿನ ಕೊಂಬೆಗಳ ಎತ್ತರಕ್ಕೆ ಏರಿ, ತಿರುಗಿ, ಟೈರಿನ ಹಾಸಿನ ಮೇಲೆ ಪಿಕಪ್ ಗಾಡಿಗೆ ಇಳಿಯಿತು. ಮರದ ಕೆಳಗೇ ಬಿಚ್ಚಿಬಿಡೋಣ, ಸಾಗಾಣಿಕೆ ಉಳಿಯುತ್ತದೆ ಎಂದು ಅಣ್ಣ ಕೇಳಿದ್ದಕ್ಕೆ ಮೇಸ್ತ್ರಿಯ ಉತ್ತರ ಚುಟುಕಾಗಿತ್ತು. “ಯಾವ ಧೂಳು ಇದನ್ನ ತಿಂತೋ ಅದೇ ಧೂಳಲ್ಲಿ ಬಿಚ್ಚಾನಾ?”

ದಾವಣಗೆರೆಯ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಗೋಣಿ ಇಳಿಬಿಟ್ಟು, ಎಂಜಿನ್ ಬಿಚ್ಚಿದರು. ರಾಕರುಗಳು ಬಂದವು, ಅವುಗಳ ಕೆಳಗಿನ ಹನ್ನೆರಡು ಪುಷ್‌ರಾಡ್ ಬಂದವು. ರಟ್ಟಿಗೆ ಹನ್ನೆರಡು ತೂತು ಮಾಡಿ, ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ ಸಿಕ್ಕಿಸಿದರು. ಸವೆದು ಹೊಂದಿಕೊಂಡ ಜೋಡಿಗಳನ್ನು ಅಗಲಿಸಬಾರದು. ಕನೆಕ್ಟಿಂಗ್ ರಾಡಿಗೂ ಅದರ ಟೋಪಿಗೂ ಅದೇ ನಿಯಮ. ಎರಡನ್ನೂ ಒಟ್ಟಿಗೆ ಹಿಡಿದು ಕೊರೆದಿರುತ್ತಾರೆ, ಒಂದರ ಟೋಪಿ ಇನ್ನೊಂದಕ್ಕೆ ಕೂಡುವುದಿಲ್ಲ.

ಹೆಡ್ ಎತ್ತಿದಾಗ ಆರು ಬಾವಿಗಳು ಕಂಡವು. ಮೇಸ್ತ್ರಿ ನನ್ನ ಕೈ ಹಿಡಿದು ಮೂರನೇ ಸಿಲಿಂಡರಿನ ಬಾಯಿಯೊಳಗೆ ಉಗುರು ಇಳಿಸಿದರು. ಮೇಲಿನಿಂದ ಒಂದು ಬೆರಳಷ್ಟು ಕೆಳಗೆ ಉಗುರು ಟಕ್ ಎಂದು ಸಿಕ್ಕಿಕೊಂಡಿತು. ಮೇಲಿನ ರಿಂಗು ಮುಟ್ಟುವ ಗಡಿಯ ಮೇಲೆ ಸಿಲಿಂಡರ್ ಹೊಸದರ ಹಾಗೇ ಇದೆ, ಗಡಿಯ ಕೆಳಗೆ ಸವೆದು ಅಗಲವಾಗಿದೆ. ನಡುವೆ ಮೆಟ್ಟಿಲು. ಪಿಸ್ಟನ್ ಹೊರಬಂದ ಮೇಲೆ ಅವರು ಮೂರು ರಿಂಗುಗಳನ್ನು ಹಳೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ಮೇಲಿನದು ತೆಳ್ಳಗಾಗಿ ಅಂಚು ಕುಡುಗೋಲಿನಷ್ಟು ಹರಿತ. ಎರಡನೆಯದು ಅಷ್ಟಿಲ್ಲ. ಕೆಳಗಿನ ಆಯಿಲ್ ರಿಂಗು ಇನ್ನೂ ಚೆನ್ನಾಗಿತ್ತು.

ಇದು ಓದಲು ಬರುವವರಿಗೆ ಅಕ್ಷರ. ಮಣ್ಣು ಗಾಳಿಯ ದಾರಿಯಲ್ಲಿ ಬಂದರೆ ಮೊದಲು ಸಿಗುವುದು ಮೇಲಿನ ರಿಂಗು, ಅದೇ ಹೆಚ್ಚು ಸವೆಯುತ್ತದೆ. ಎಣ್ಣೆಯ ದಾರಿಯಲ್ಲಿ ಬಂದಿದ್ದರೆ ಕೆಳಗಿನ ರಿಂಗು, ಬೇರಿಂಗು ಮೊದಲು ಹೋಗುತ್ತವೆ. ಟರ್ಬೊದ ಗಾಳಿಚಕ್ರವನ್ನು ಬೆಳಕಿಗೆ ಹಿಡಿದರು. ಚೂಪಾಗಿರಬೇಕಾದ ಎಲೆಗಳ ಅಂಚು ಹೊಳೆಯ ಕಲ್ಲಿನ ಹಾಗೆ ದುಂಡಗಾಗಿತ್ತು. ಹೋಸಿನ ಸೀಳು, ಬೆರಳಿನ ಧೂಳು, ಟರ್ಬೊದ ಎಲೆ, ಮೇಲಿನ ರಿಂಗು, ಉಗುರಿಗೆ ಸಿಕ್ಕ ಮೆಟ್ಟಿಲು, ನಾಲ್ಕೈದು ಸಾಕ್ಷಿಗಳು ಒಂದೇ ಮಾತು ಹೇಳುತ್ತಿದ್ದವು. ಬೇರಿಂಗಿನಲ್ಲಿ ಮಾತ್ರ ಗೆರೆಗಳು ಬಿದ್ದಿದ್ದವು, ಬೂದು ಮಿನುಗಿನ ಕಣಗಳು ಮೆತ್ತನೆ ಲೋಹದೊಳಗೆ ಹೂತುಕೊಂಡಿದ್ದವು. ಮೇಲೆ ಅರೆದು ಉಳಿದದ್ದು ಎಣ್ಣೆಯಲ್ಲಿ ಇಳಿದು ಕೆಳಗೂ ತಲುಪಿತ್ತು. ಬೇರಿಂಗನ್ನು ಮೆತ್ತನೆ ಲೋಹದಲ್ಲಿ ಮಾಡುವುದೇ ಇದಕ್ಕೆ. ಕಸವನ್ನು ತನ್ನೊಳಗೆ ನುಂಗಿಕೊಂಡು ಕ್ರ್ಯಾಂಕನ್ನು ಉಳಿಸಲಿ ಎಂದು. ನಮ್ಮದು ನುಂಗುವಷ್ಟನ್ನೂ ನುಂಗಿತ್ತು.

ಈ ಓದು ನನಗೆ ಬಹಳ ದೊಡ್ಡದಾಗಿ ಕಂಡಿತು. ಇದೇ ಊರಿನಲ್ಲಿ ಎರಡು ದಿನದಲ್ಲಿ ರಿಂಗು ಬದಲಿಸಿ ಕಳಿಸುವವರಿದ್ದಾರೆ. ಹಳೆಯ ಭಾಗಗಳನ್ನು ಗೋಣಿಗೆ ತುಂಬಿ ಗುಜರಿಗೆ ಹಾಕಿ ಹೊಸದನ್ನು ಕೂಡಿಸುತ್ತಾರೆ. ಅದೇ ಸೀಳಿನ ಹೋಸನ್ನು ಮತ್ತೆ ಬಿಗಿಯುತ್ತಾರೆ. ಆರು ತಿಂಗಳಿಗೆ ಹೊಸ ರಿಂಗೂ ಬ್ಲೇಡಾಗಿ ಬರುತ್ತದೆ. ಕಂತು ಕಟ್ಟಲು ತಡವಾಗುತ್ತದೆ ಎಂದು ಅವಸರ ಮಾಡುವವರು ಮಾಲೀಕರಾದ ನಾವೇ. ಅವಸರಕ್ಕೆ ಹೆಚ್ಚು ಕಾಸು ತೆರುವವರೂ ನಾವೇ.

ಬ್ಲಾಕನ್ನು ಮಷೀನ್ ಶಾಪಿಗೆ ಒಯ್ದೆವು. ಬಹಳ ಡೀಸೆಲ್ ಎಂಜಿನ್ನುಗಳಲ್ಲಿ ಸಿಲಿಂಡರಿನ ಒಳಗೆ ಬೇರೆಯಾಗಿ ತೆಗೆದು ಹಾಕುವ ಲೈನರ್ ಇರುತ್ತದೆ, ಸವೆದರೆ ಎಳೆದು ಬಿಸಾಡಿ ಹೊಸದು ಇಳಿಸಬಹುದು. ಈ ಎಂಜಿನ್ನಿನಲ್ಲಿ ಲೈನರ್ ಇಲ್ಲ. ಬ್ಲಾಕಿನ ಮೈಯೇ ಸಿಲಿಂಡರ್. ಹಾಗಾಗಿ ಕೊರೆಯಬೇಕು. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಇಳಿಸಿ, ಪ್ರತಿ ಜಾಗದಲ್ಲೂ ಎರಡು ದಿಕ್ಕಿಗೆ ತಿರುಗಿಸಿ ಅಳೆದರು. ಸಿಲಿಂಡರು ಗುಂಡಗೆ ಸವೆಯುವುದಿಲ್ಲ, ಪಿಸ್ಟನ್ ಒತ್ತುವ ಬದಿಗೆ ಹೆಚ್ಚು ಸವೆದು ಮೊಟ್ಟೆಯ ಆಕಾರ ಬರುತ್ತದೆ. ಆರನ್ನೂ 102.5ಕ್ಕೆ ಕೊರೆಯುವುದೆಂದು ನಿಶ್ಚಯವಾಯಿತು. ಅಳತೆಗೆ ಸರಿಯಾದ ಪಿಸ್ಟನ್ನು, ರಿಂಗಿನ ಸೆಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ರಾತ್ರಿ ಬಸ್ಸಿನಲ್ಲಿ ಬಂದವು. ಕೊರೆದ ಮೇಲೆ ಹೋನಿಂಗ್. ಕಲ್ಲುಗಳು ತಿರುಗುತ್ತ ಏರಿಳಿದು ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸಣ್ಣ ಗೆರೆಗಳನ್ನು ಬಿಡುತ್ತವೆ. ಕನ್ನಡಿಯಂತೆ ನುಣುಪಾಗಿದ್ದರೆ ಒಳ್ಳೆಯದೆಂದು ನಾನು ಅಂದುಕೊಂಡಿದ್ದೆ. ಆ ಗೆರೆಗಳಲ್ಲೇ ಎಣ್ಣೆ ನಿಲ್ಲುವುದು, ಅವಿಲ್ಲದಿದ್ದರೆ ರಿಂಗು ಒಣಗಿ ಓಡುತ್ತದೆ.

ಕ್ರ್ಯಾಂಕಿನ ಮುಖ್ಯ ಕತ್ತುಗಳು 83 ಮಿಲಿಮೀಟರ್, ರಾಡು ಕೂರುವ ಕತ್ತುಗಳು 69 ಮಿಲಿಮೀಟರ್. ಕಾಂತದ ಪುಡಿ ಹಾಕಿ ಬಿರುಕು ಹುಡುಕಿದರು. ಇರಲಿಲ್ಲ. ಗೆರೆ ಬಿದ್ದ ಕತ್ತುಗಳನ್ನು ಕಾಲು ಮಿಲಿಮೀಟರ್ ಅರೆದು, ಆ ಅಳತೆಯ ಬೇರಿಂಗು ತರಿಸಿದರು. ಅರೆಯುವಾಗ ಕತ್ತು ಗೋಡೆಗೆ ಕೂಡುವ ಮೂಲೆಯ ದುಂಡು ಉಳಿಯಬೇಕು. ಅಲ್ಲಿ ಚೂಪು ಬಿಟ್ಟರೆ ಕ್ರ್ಯಾಂಕು ಮುರಿಯುವುದು ಅಲ್ಲಿಂದಲೇ.

ಡೀಸೆಲ್ ಪಂಪು, ಆರು ನಾಝಲ್‌ಗಳು ಬೇರೆ ಅಂಗಡಿಗೆ ಹೋದವು. ನಮ್ಮಲ್ಲಿ ಇಂದಿಗೂ ಆ ಪಂಪಿಗೆ ಮೈಕೊ ಪಂಪು ಎಂದೇ ಹೆಸರು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಕಾರ್ಖಾನೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಮೇಸ್ತ್ರಿಗಳ ಬಾಯಲ್ಲಿ ಬದಲಾಗಿಲ್ಲ. ಬೆಂಗಳೂರಿನ ಮೈಕೊ ಲೇಔಟಿನಲ್ಲಿ ಮನೆ ಮಾಡಿರುವವರು ತಮ್ಮ ವಿಳಾಸದಲ್ಲಿ ಹಳ್ಳಿಹಳ್ಳಿಯ ಟ್ರ್ಯಾಕ್ಟರಿನ, ಲಾರಿಯ ಹೃದಯದ ಹೆಸರನ್ನು ಬರೆಯುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಅದು ತಾನೇ 500 ಡಿಗ್ರಿ ಮೀರಿ ಕಾಯುತ್ತದೆ, ಅದರೊಳಗೆ ಡೀಸೆಲನ್ನು ಮಂಜಿನಂತೆ ಚಿಮುಕಿಸಿದರೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ 1897ರಲ್ಲಿ ಇದನ್ನು ತೋರಿಸಿಕೊಟ್ಟಾಗ ಇಂಧನದ ಶಾಖದಲ್ಲಿ ನೂರಕ್ಕೆ 26 ಪಾಲು ಕೆಲಸವಾಗಿ ಸಿಕ್ಕಿತು, ಅಂದಿನ ಉಗಿ ಯಂತ್ರಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಒತ್ತಿದ ಗಾಳಿ ಸಂದಿಯಲ್ಲಿ ಸೋರಿದರೆ ಶಾಖವೂ ಹೋಯಿತು, ಬಲವೂ ಹೋಯಿತು. ನಮ್ಮ ಯಂತ್ರ ಬೆಳಗಿನ ಹೊತ್ತು ಚಾಲೂ ಆಗಲು ತಿಣುಕುತ್ತಿದ್ದುದರ ಕಾರಣ ಅಷ್ಟೇ.

ಬ್ಲಾಕು ವಾಪಸು ಬಂದ ಸಂಜೆ ನಾನು ಮರೆಯಲಾರೆ. ಹೊಳೆಯುತ್ತಿತ್ತು. ಕೂಡಿಸಲು ತಯಾರಾಗಿದೆ ಎಂದೇ ನನ್ನ ಕಣ್ಣಿಗೆ ಕಂಡಿತು. ಮೇಸ್ತ್ರಿ ಬಿಳಿ ಬನಿಯನ್ ಬಟ್ಟೆಯ ತುಂಡಿಗೆ ಎಣ್ಣೆ ಸವರಿ ಒಂದು ಸಿಲಿಂಡರಿನೊಳಗೆ ತಿರುಗಿಸಿ ತೆಗೆದರು. ಬಟ್ಟೆ ಬೂದು ಬಣ್ಣಕ್ಕೆ ತಿರುಗಿತ್ತು. ಹೋನಿಂಗ್ ಕಲ್ಲಿನ ಪುಡಿ ಗೆರೆಗಳೊಳಗೆ ಕೂತಿದೆ. ಡೀಸೆಲ್ಲಿನಲ್ಲೋ ಸೀಮೆಎಣ್ಣೆಯಲ್ಲೋ ಒರೆಸಿದರೆ ಅದು ಬರುವುದಿಲ್ಲ, ಇನ್ನೂ ಆಳಕ್ಕೆ ಇಳಿಯುತ್ತದೆ. ಬೇಕಾದದ್ದು ಬಿಸಿನೀರು, ಬಟ್ಟೆ ಒಗೆಯುವ ಸಾಬೂನಿನ ಪುಡಿ, ಬ್ರಷ್ಷು. ಅರವತ್ತು ದಾಟಿದ ಆ ಮನುಷ್ಯ ಕುಕ್ಕರಗಾಲಿನಲ್ಲಿ ಕೂತು, ಹಂಡೆಯ ನೀರು ಮೊಗೆಮೊಗೆದು, ಆರು ಸಿಲಿಂಡರುಗಳನ್ನೂ ಬಾಣಂತಿ ಮನೆಯ ಅಜ್ಜಿ ಕೂಸಿಗೆ ನೀರು ಹಾಕುವಷ್ಟು ನಿಗಾದಿಂದ ತಿಕ್ಕಿದರು. ಮತ್ತೆ ಬಟ್ಟೆ, ಮತ್ತೆ ಬೂದು. ಮತ್ತೆ ನೀರು. ಐದನೇ ಸುತ್ತಿಗೆ ಬಟ್ಟೆ ಬಿಳಿಯಾಗೇ ಹೊರಬಂತು. ಎಣ್ಣೆ ಹರಿಯುವ ಕಿಂಡಿಗಳಿಗೆಲ್ಲ ಉದ್ದ ಬ್ರಷ್ ಹಾಕಿ ಗಾಳಿ ಬೀಸಿದರು. ಬರಿ ಕಬ್ಬಿಣ ನೀರಾರುವ ಮೊದಲೇ ತುಕ್ಕು ಹಿಡಿಯಲು ತೊಡಗುತ್ತದೆ, ಹಾಗಾಗಿ ಕೂಡಲೇ ಎಣ್ಣೆ ಸವರಿ ಪ್ಲಾಸ್ಟಿಕ್ ಹೊದಿಸಿದರು. ಬಿಲ್ಲಿನಲ್ಲಿ ಈ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ.

ಕೂಡಿಸುವಾಗ ಮೇಸ್ತ್ರಿ ಕಬ್ಬಿಣದ ಪೆಟ್ಟಿಗೆಯಿಂದ ಮಡಿ ಬಟ್ಟೆಯಲ್ಲಿ ಸುತ್ತಿದ ಟಾರ್ಕ್ ರೆಂಚ್ ತೆಗೆದರು. ಬೋಲ್ಟನ್ನು ಪೈಪು ಹಾಕಿ ಎರಡು ಕೈಯಲ್ಲಿ ಎಳೆಯುವುದೇ ಬಿಗಿ ಎಂದು ನಂಬಿದ ಶೆಡ್ಡುಗಳಲ್ಲಿ ಈ ಉಪಕರಣ ಅಪರೂಪ. ಬೇರಿಂಗಿನ ಸಂದು ನೋಡಲು ಕತ್ತಿನ ಮೇಲೆ ಶ್ಯಾವಿಗೆ ಎಳೆಯಂಥ ಪ್ಲಾಸ್ಟಿಗೇಜನ್ನು ಇಟ್ಟು, ಟೋಪಿ ಬಿಗಿದು, ಮತ್ತೆ ಬಿಚ್ಚಿ, ಎಷ್ಟು ಚಪ್ಪಟೆಯಾಗಿದೆ ಎಂದು ಕಾಗದದ ಅಳತೆಗೆ ಹಿಡಿದು ನೋಡಿದರು. ತಲೆಗೂದಲಿನ ದಪ್ಪದ ಆಸುಪಾಸಿನ ಆ ಜಾಗದಲ್ಲಿ ಎಣ್ಣೆಯ ಪದರ ನಿಂತು ಇಡೀ ಎಂಜಿನ್ನನ್ನು ತೇಲಿಸುತ್ತದೆ. ರಿಂಗುಗಳ ಬಾಯಿಗಳು ಒಂದರ ಮೇಲೊಂದು ಬರದಂತೆ ತಿರುಗಿಸಿ ಪಿಸ್ಟನ್ ಇಳಿಸಿದರು. ಹೆಡ್ಡಿನ 26 ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸುತ್ತುತ್ತ 90 ನ್ಯೂಟನ್ ಮೀಟರಿಗೆ, ಉದ್ದನೆಯ ಬೋಲ್ಟುಗಳನ್ನು 120ಕ್ಕೆ, ಕೊನೆಗೆ ಎಲ್ಲವನ್ನೂ ಇನ್ನೊಂದು ಕಾಲು ಸುತ್ತು ಬಿಗಿದರು. ಟಪೆಟ್ ಸಂದು ಗಾಳಿಯ ವಾಲ್ವಿಗೆ 0.25, ಹೊಗೆಯ ವಾಲ್ವಿಗೆ 0.51 ಮಿಲಿಮೀಟರ್. ಹೊಗೆಯ ವಾಲ್ವು ಹೆಚ್ಚು ಕಾಯುತ್ತದೆ, ಹೆಚ್ಚು ಉದ್ದವಾಗುತ್ತದೆ, ಅದಕ್ಕೆ ಹೆಚ್ಚು ಜಾಗ.

ಹನ್ನೊಂದನೇ ದಿನ ಎಂಜಿನ್ ಮತ್ತೆ ಬೇವಿನಮರದ ಹತ್ತಿರ ಬಂತು. ಏರಿಸುವುದು ಇಳಿಸಿದ್ದರ ತಿರುವುಮುರುವು, ಅದನ್ನು ಬಿಡಿಸಿ ಹೇಳುವುದಿಲ್ಲ. ಪಂಪಿನ ಕಪ್ಲಿಂಗು ಈ ಸಲ ಹತ್ತೇ ನಿಮಿಷಕ್ಕೆ ಕೂಡಿಕೊಂಡಿತು. ಗಾಳಿಯ ಹೋಸು ಹೊಸದು, ಕ್ಲಿಪ್ಪು ಹೊಸದು, ಫಿಲ್ಟರು ಎರಡೂ ಹೊಸದು. ಹೋಸಿನ ಕೀಲುಗಳನ್ನು ಮೇಸ್ತ್ರಿ ತಾವೇ ಬಿಗಿದರು, ಹೆಲ್ಪರಿಗೆ ಬಿಡಲಿಲ್ಲ.

ಚಾಲೂ ಮಾಡುವ ಮೊದಲು ಆಯಿಲ್ ಫಿಲ್ಟರಿಗೆ ಎಣ್ಣೆ ತುಂಬಿದರು, ಟರ್ಬೊದ ಬಾಯಿಗೂ ಹನಿಸಿದರು. ಡೀಸೆಲ್ ಬರದಂತೆ ಮಾಡಿ ಸೆಲ್ಫ್ ಮಾತ್ರ ಬಿಟ್ಟುಬಿಟ್ಟು ತಿರುಗಿಸಿ, ಎಣ್ಣೆಯ ಒತ್ತಡ ಎದ್ದಿತೆಂದು ಖಾತ್ರಿ ಮಾಡಿಕೊಂಡರು. ಹೊಸ ಬೇರಿಂಗಿಗೆ ಒಣ ಕ್ಷಣಗಳಷ್ಟು ಕೆಟ್ಟದ್ದು ಬೇರೊಂದಿಲ್ಲ. ಕೈಪಂಪು ಒತ್ತಿ, ನಾಝಲ್ ನಟ್ಟುಗಳನ್ನು ಸಡಿಲಿಸಿ ಗಾಳಿಗುಳ್ಳೆ ಹೊರಡಿಸಿದರು. ಅಣ್ಣ ಊದುಬತ್ತಿ ಹಚ್ಚಿ ತಂದಿದ್ದ. ನಾಲ್ಕನೇ ಸಲಕ್ಕೆ ಒಂದು ಸಿಲಿಂಡರ್ ಸಿಡಿಯಿತು, ಮತ್ತೊಂದು, ಆಮೇಲೆ ಆರೂ ಹಿಡಿದುಕೊಂಡವು. ಒಂದು, ಐದು, ಮೂರು, ಆರು, ಎರಡು, ನಾಲ್ಕು, ಅದೇ ಸರದಿಯಲ್ಲಿ. ಬಿಳಿ ಹೊಗೆ ಎದ್ದು ತಿಳಿಯಾಯಿತು. ಮೇಸ್ತ್ರಿ ಸೈಲೆನ್ಸರಿನ ಕಡೆ ನೋಡಲೇ ಇಲ್ಲ. ಬಗ್ಗಿ ಬ್ರೀದರಿಗೆ ಅಂಗೈ ಒಡ್ಡಿದರು. ನನ್ನನ್ನೂ ಕರೆದರು.

ಹೊಸ ಎಂಜಿನ್ನನ್ನು ಸುಮ್ಮನೆ ಗಂಟೆಗಟ್ಟಲೆ ಐಡಲಿನಲ್ಲಿ ಬಿಡುವುದು ಜೋಪಾನವೆಂದು ಅಣ್ಣ ತಿಳಿದಿದ್ದ. ಅದು ತಪ್ಪು. ಭಾರವಿಲ್ಲದೆ ಓಡಿದರೆ ರಿಂಗು ಗೋಡೆಗೆ ಒತ್ತಿ ಕೂರುವುದಿಲ್ಲ, ಗೋಡೆಯ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ, ಮತ್ತೆ ಎಣ್ಣೆ ಕುಡಿಯತೊಡಗುತ್ತದೆ. ಕಾದ ಮೇಲೆ ಕೆಲಸಕ್ಕೆ ಹಾಕಬೇಕು, ಆದರೆ ಅರ್ಧ ಬಕೆಟ್ಟು. ಅಂದೇ ಮಧ್ಯಾಹ್ನ ಟ್ರ್ಯಾಕ್ಟರುಗಳು ಬಂದವು. ಅಂಗಳದ ಅಂಚಿನಲ್ಲಿ, ಇನ್ನೂ ಹಸಿಯಿದ್ದ ಕಡೆ, ಧೂಳೇಳದ ಗೋಡಿನಲ್ಲಿ ಯಂತ್ರ ತೋಡಲು ತೊಡಗಿತು.

50 ಗಂಟೆ ಆದಾಗ ಎಣ್ಣೆ ಬದಲಿಸಿದೆವು. ಮೇಸ್ತ್ರಿ ಹೇಳಿದ್ದಂತೆ ಹಳೆಯ ಆಯಿಲ್ ಫಿಲ್ಟರನ್ನು ಎಸೆಯಲಿಲ್ಲ. ತಗಡು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಏರಿಯ ಕಲ್ಲಿನ ಮೇಲೆ ಬಿಸಿಲಿಗೆ ಹರಡಿದೆವು. ಕಪ್ಪು ಎಣ್ಣೆಯ ನಡುವೆ ಎಣಿಸಬಹುದಾದಷ್ಟು ಮಿನುಗು ಕಂಡಿತು. ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಒಂದು ನಿಮಿಷಕ್ಕೆ ಫೋನ್ ಬಂತು. ಫೋಟೊದಾಗೆ ಏನೂ ಗೊತ್ತಾಗಲ್ಲ, ಬೆರಳಿಗೆ ಹಚ್ಕೊಂಡು ಉಜ್ಜಿ ನೋಡು, ಗರಗರ ಅಂತೈತಾ ಅಂದರು. ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಉಜ್ಜಿದೆ. ಇಲ್ಲ, ನುಣ್ಣಗಿದೆ ಅಂದೆ. ಇನ್ನೊಂದು ಕಡೆಯದೂ ನೋಡು ಅಂದರು.